ಮಾರಿ ಕಾಣದ ದೆವ್ವ

ಹಪ್ಪಳ ಸಂಡಗಿ ಬಗ್ಗೆ ಬರೀರಿ ಅಂತ ಮೂರ್ನಾಕ ಮಂದಿ ಹೇಳೀರಿ. ಬರೀತೀನಿ, ಬಿಸಲ ಬೀಳ್ಲಿ. ಈಗ ನಮ್ಮ ಮನ್ಯಾಗ ಬ್ಯಾರೇನ ಮಾತು ನಡದೈತಿ. ನಮ್ಮ ಸಣ್ಣಾಂವ ದೆವ್ವಿನ ಆಟ ಆಡ್ತಾನ, ಕಂಪ್ಯೂಟರದಾಗ. ಆಡೂದಷ್ಟ ಆಗಿದ್ರ ಬಿಡ್ರಿ, ಯಾರ ಮನ್ಯಾಗ ಹುಡುಗೂರು ಆಡೂದಿಲ್ಲ? ಇಂವ ಅಂಥಾದ್ದೊಂದ ಆಟ ತಾನ ಮಾಡಾಕ ಕುಂತಾನ, ಅದೂ ನನ್ನ ತವರಮನಿ ಇಟ್ಕೊಂಡು. ಅದಕ್ಕ ನಾನೂ ಹಟಾ ಹಿಡದು, ಈ ಆಟ ಅಂದ್ರ ಏನು, ಮಂದಿ ಇದರಾಗ ಏನ ನೋಡಿ ಹೆದರ್ತಾರ ಅಂತ ಎರಡ ತಿಂಗಳಿಂದ ಅವನ ಮಗ್ಗಲಕ ಕುಂತು ನೋಡೀನಿ. ನಮ್ಮ ವಾರಿಗಿಯವರಿಗೆ ತಿಳಿಯೂವಂಗ ಹೇಳಾಕ ನೋಡ್ತೀನಿ.

ಮದಲ ಅದರ ಚಿತ್ರದ ಬಗ್ಗೆ ಹೇಳಬೇಕು. ಈಗಿನ ದೊಡ್ಡ ಆಟ ಅಂದ್ರ ಸಿನಿಮಾ ಇದ್ದಂಗ. ಕೂದಲ ಎಳಿ ಎಳಿ ಕಾಣ್ತೈತಿ, ಮಾರಿ ಮ್ಯಾಲಿನ ಬೆವರು ಕಾಣ್ತೈತಿ. ಇವು ಹಂಗಲ್ಲ. ಮನಶ್ಯಾ ಅಂದ್ರ ಕಡ್ಡಿಪೆಟಗಿ ಜೋಡಿಸಿ ನಿಂದ್ರಿಸಿದಂಗ. ಕೈಗೆ ಬೆರಳ ಬ್ಯಾರೆ ಬ್ಯಾರೆ ಇಲ್ಲ, ಎಲ್ಲಾ ಕೂಡಿ ಒಂದ ಮುದ್ದಿ. ಕಣ್ಣು ಮೂಗು ಬಾಯಿ ಡಬ್ಬಿ ಮ್ಯಾಲ ಚಿತ್ರಾ ಅಂಟಿಸಿದಂಗ. ನಡಕೋತ ಹೊಂಟ್ರ ಗ್ವಾಡಿ ನಡಗ್ತಾವ, ನೆಲದ ಫರಸಿ ಡೊಂಕ ಆಗ್ತೈತಿ. ಅದರ ಮ್ಯಾಲ ಹಳೇ ವಿಡಿಯೋ ಕ್ಯಾಸೆಟ್ಟಿನ ಗೀರು ಬ್ಯಾರೆ. ಮದಲನೇ ದಿನ ನಾನು "ಯಾಕೋ, ಕಂಪ್ಯೂಟರ ಕೆಟ್ಟೈತೇನ?" ಅಂದೆ. "ಇಲ್ಲಬೇ, ಬೇಕಂತನ ಹಿಂಗ ಮಾಡ್ಯಾರ" ಅಂದ.

ಬೇಕಂತನ ಕೆಟ್ಟ ಮಾಡೂದಕ್ಕ ಒಂದ ಕತಿ ಐತಿ. ಸೋನಿ ಕಂಪನಿಯವರು 1994ರ ಡಿಸೆಂಬರದಾಗ ಜಪಾನದಾಗ ಪ್ಲೇಸ್ಟೇಶನ್ ಅನ್ನೂ ಆಟದ ಪೆಟಗಿ ಬಿಟ್ರು. ಟೀವಿಗೆ ಹಚ್ಚಿ ಆಡೂದು. ಅದರ ಮುಖ್ಯ ಮೆಮರಿ ಬರೇ 2 ಎಂಬಿ, ಚಿತ್ರಕ್ಕಂತ ಬ್ಯಾರೆ 1 ಎಂಬಿ. ಈಗ ನಾವು ಫೋನಿನ್ಯಾಗ ಹೋಳಗಿ ಫೋಟೋ ತಗದ್ರ ಆ ಒಂದ ಫೋಟೋನ ಅದಕ್ಕಿಂತ ದೊಡ್ಡದಿರ್ತೈತಿ. ಅಷ್ಟರಾಗ ಮನಿ, ಮಂದಿ, ಓಣಿ ಎಲ್ಲಾ ಹಿಡಿಸಬೇಕು. ಇಂಥಾ ಆಟದಾಗಿನ ಪ್ರತಿಯೊಂದ ಸಾಮಾನೂ ಮೂರ ಮೂಲಿ ತುಣಕ ಜೋಡಿಸಿ ಮಾಡೂದು, ನಾವು ಕೌದಿ ಹೊಲಿಯೂವಂಗ. ಆ ತುಣಕಿಗೆ ಪಾಲಿಗನ್ ಅಂತಾರ. ತುಣಕ ಬಾಳ ಇದ್ರ ಮಾರಿ ನುಣ್ಣಗ ಕಾಣ್ತೈತಿ, ಕಡಿಮಿ ಇದ್ರ ಮೂಲಿ ಮೂಲಿ. ಆ ಪೆಟಗಿಗೆ ಬಾಳ ತುಣಕ ಹೊರೂ ತಾಕತ್ತಿರ್ಲಿಲ್ಲ.

ಗ್ವಾಡಿ ಯಾಕ ನಡಗ್ತಾವ ಅಂತ ಕೇಳಿದ್ದಕ್ಕ ಹುಡುಗ ಕೊಟ್ಟ ಉತ್ತರಾ ನನಗ ರಂಗೋಲಿಯಿಂದ ತಿಳೀತು. ಚುಕ್ಕಿ ರಂಗೋಲಿ ಹಾಕುವಾಗ ಗೆರಿ ಚುಕ್ಕಿಯಿಂದ ಚುಕ್ಕಿಗೇ ಹೋಗಬೇಕು, ನಡುವ ಎಲ್ಲೋ ನಿಂದ್ರೂವಂಗಿಲ್ಲ. ಆ ಪೆಟಗಿನೂ ಹಂಗ. ತುಣಕಿನ ಮೂಲಿಗಳನ್ನ ಪರದೆದ ಪೂರಾ ಚುಕ್ಕಿ ಮ್ಯಾಲನ ಇಡ್ತಿತ್ತು, ಅರ್ಧ ಚುಕ್ಕಿ ಲೆಕ್ಕ ಇರ್ಲಿಲ್ಲ. ಆಡಾಂವ ಒಂದ ಹೆಜ್ಜಿ ಸರದ್ರ ಮೂಲಿ ಈ ಚುಕ್ಕಿಯಿಂದ ಆ ಚುಕ್ಕಿಗೆ ಜಿಗೀತಿತ್ತು. ಅದ ನಡಕ. ಇನ್ನ ಚಿತ್ರಾ ಅಂಟಿಸುವಾಗ ದೂರ ಯಾವದು ಹಂತ್ಯಾಕ ಯಾವದು ಅನ್ನೂ ಲೆಕ್ಕ ಹಿಡೀತಿರ್ಲಿಲ್ಲ, ಅದಕ್ಕ ಫರಸಿ ಡೊಂಕ. ಈಗಿನ ಕಂಪ್ಯೂಟರಕ್ಕ ಈ ತೊಂದ್ರಿ ಒಂದೂ ಇಲ್ಲ. ಆದ್ರೂ ಈಗಿನ ಹುಡುಗೂರು ಕುಂತು, ಇಲ್ಲದ ತೊಂದ್ರಿನ ಹುಡುಕಿ ತಂದು ಹಾಕ್ತಾರ.

ಹಳೇ ಮಂದಿ ಆ ಬಡತನದಾಗ ಮಾಡಿದ ಎರಡ ಉಪಾಯ ನನಗ ಬಾಳ ಹಿಡಿಸಿದ್ವು. 1996ರಾಗ ಕ್ಯಾಪ್‌ಕಾಮ್ ಕಂಪನಿಯವರು ರೆಸಿಡೆಂಟ್ ಈವಿಲ್ ಅಂತ ಆಟ ಬಿಟ್ರು. ಒಂದ ದೊಡ್ಡ ಬಂಗ್ಲೆ, ಹತ್ತಾರ ಖೋಲಿ. ಒಂದ ಖೋಲಿಯಿಂದ ಇನ್ನೊಂದಕ್ಕ ಹೋಗುವಾಗ ಸಿಡಿಯಿಂದ ಸಾಮಾನ ಎತ್ತಿ ತರಾಕ ಆ ಪೆಟಗಿಗೆ ಹೊತ್ತ ಹಿಡೀತಿತ್ತು. ಅಷ್ಟೊತ್ತು ಸುಮ್ನ ಕುಂದ್ರಸೂದು ಹೆಂಗ? ಕರಿ ಕತ್ಲಾಗ ಒಂದ ಬಾಗಲ ಮೆಲ್ಲಕ ತಗಿಯೂದನ್ನ ತೋರಿಸಿದ್ರು. ಬರೇ ಬಾಗಲ. ಆಚೆ ಏನೈತೋ ಗೊತ್ತಿಲ್ಲ. ಹೊತ್ತ ಕಳಿಯಾಕ ಮಾಡಿದ ಆ ಬಾಗಲನ ಮಂದಿ ಎದಿ ಹಿಡಕೋಳೂವಂಗ ಮಾಡಿತು. ಇನ್ನೊಂದು 1999ರಾಗ ಕೊನಾಮಿಯವರು ಮಾಡಿದ ಸೈಲೆಂಟ್ ಹಿಲ್. ಅದರಾಗ ಒಂದ ಪೂರಾ ಊರು. ಅಷ್ಟ ದೂರತನಕ ತೋರಸಾಕ ಆಗೂದಿಲ್ಲ, ದೂರಿನ ಮನಿ ಒಮ್ಮೆಲೇ ಕಣ್ಣ ಮುಂದ ಹುಟ್ಟಿದಂಗ ಕಾಣ್ತಾವ. ಅದಕ್ಕ ಊರ ತುಂಬ ಮಂಜ ಸುರವಿದ್ರು. ಆ ಮಂಜನ್ನ ನೆನಸಿ ಇನ್ನೂತನಕ ಹೆದರೂ ಮಂದಿ ಅದಾರ ಅಂತ.

ಇದೇನ ಹೊಸಾ ವಿದ್ಯಾ ಅಲ್ಲ. ಸಕ್ರಿ ತೀರಿದ ದಿನ ಬೆಲ್ಲದಾಗ ಮಾಡಿದ್ದ ಮನಿ ಮಂದಿಗೆ ರುಚಿ ಹತ್ತಿ, ಆಮ್ಯಾಲ ಸಕ್ರಿ ಬಂದ್ರೂ ಬೆಲ್ಲದ್ದ ಬೇಕು ಅಂತಾರಲ್ಲ, ಹಂಗ ಇದು.

ಈಗ ಇಂಥಾ ಆಟ ಮಾಡಾವ್ರು ದೊಡ್ಡ ಕಂಪನಿಯವ್ರಲ್ಲ. ಒಬ್ಬರು, ಇಬ್ಬರು, ಬಾಳ ಅಂದ್ರ ನಾಕ ಮಂದಿ. ಸಿನಿಮಾದಂಥಾ ಆಟಕ್ಕ ನೂರಾರ ಮಂದಿ, ಕೋಟಿಗಟ್ಟಲೆ ರೊಕ್ಕ ಬೇಕು. ಕಡ್ಡಿಪೆಟಗಿ ಮನಶ್ಯಾನ್ನ ಒಬ್ಬ ಹುಡುಗ ತನ್ನ ಖೋಲ್ಯಾಗ ಕುಂತು ಮಾಡಬಹುದು. ಬ್ಲೆಂಡರ್, ಗೋಡಾಟ್ ಅನ್ನೂ ಸಾಫ್ಟವೇರ ಪುಕ್ಕಟೆ ಸಿಗ್ತಾವ. 2020ರಾಗ ಹಾಂಟೆಡ್ ಪಿಎಸ್1 ಅನ್ನೂ ಹೆಸರಿನ್ಯಾಗ ಇಂಥಾ ಬಾಳ ಮಂದಿ ಕೂಡಿ, ತಮ್ಮ ತಮ್ಮ ಆಟದ ಮಾದರಿ ಒಂದ ಗಂಟ ಕಟ್ಟಿ ಪುಕ್ಕಟೆ ಹಂಚಿದ್ರು. ಜಪಾನದಾಗ ಚಿಲ್ಲಾಸ್ ಆರ್ಟ್ ಅಂತ ಅಣ್ಣ ತಮ್ಮ ಇಬ್ಬರದಾರ. ರಾತ್ರಿ ಪಾಳಿ ಅಂಗಡಿ ಕಾಯೂ ಹುಡಗಿದ್ದೊಂದ ಆಟ ಮಾಡ್ಯಾರ. ಗಿರಾಕಿ ಬರೂದು, ಸಾಮಾನ ಜೋಡಸೂದು, ಕಸಾ ಚೆಲ್ಲೂದು, ನಡುವ ಒಂದ ಹೆದರಿಕಿ. ಡೇವಿಡ್ ಶಿಮಾನ್ಸ್ಕಿ ಅನ್ನಾಂವ 2022ರಾಗ ಮಾಡಿದ ಐರನ್ ಲಂಗ್ ಇನ್ನೂ ಚೊಕ್ಕ. ರಕ್ತದ ಸಮುದ್ರದಾಗ ಒಂದ ಕಬ್ಬಿಣದ ಡಬ್ಬಿ, ಅದರಾಗ ನೀವು. ಹೊರಗ ನೋಡಾಕ ಕಿಡಕಿ ಇಲ್ಲ. ಗುಂಡಿ ಒತ್ತಿದ್ರ ಒಂದ ಮಸಕ ಫೋಟೋ ಬರ್ತೈತಿ, ಅಷ್ಟ. ಆಟದಾಗ ಹೊರಗ ಏನೈತಿ ಅನ್ನೂದನ್ನ ಆ ಫೋಟೋ ನೋಡಿನ ತಿಳಕೋಬೇಕು. ನಾನು ಅದನ್ನ ನಡುವನ ಬಿಟ್ಟು ಎದ್ದ ಬಂದೆ. ಉಸರ ಕಟ್ಟಿದಂಗ ಆತು.

ನನಗ ಬಾಳ ಹತ್ತಿದ್ದು ಮಾತ್ರ ನಮ್ಮ ದೇಶದವನದ್ದ. ಮುಕುಲ್ ನೇಗಿ ಅಂತ, ರೇಲ್ ಸ್ಟುಡಿಯೋಸ್ ಅನ್ನೂ ಹೆಸರಿನ್ಯಾಗ ಫಿಯರ್ಸ್ ಟು ಫ್ಯಾದಮ್ ಅನ್ನೂ ಆಟ ಕಂತ ಕಂತ ಮಾಡಿ ಬಿಡ್ತಾನ. ಒಂದೊಂದ ಕಂತು, ಹೆದರಿಕಿ ಉಂಡು ಉಳದ ಬಂದವ್ರು ತಮಗಾದದ್ದನ್ನ ತಾವ ಹೇಳಿದಂಗ. ಕತಿ ಎಲ್ಲಾ ಅಮೇರಿಕಾದ್ದು, ಹೆಸರೂ ಅಲ್ಲಿವ. 2021ರಾಗ ಬಂದ ಮದಲನೇ ಕಂತು ಹೋಮ್ ಅಲೋನ್, ಪುಕ್ಕಟೆ ಸಿಗ್ತೈತಿ. ಹದಿನಾಕ ವರ್ಷದ ಹುಡುಗ, ಅವ್ವ ಅಪ್ಪ ಕೆಲಸಕ್ಕಂತ ಪರ ಊರಿಗೆ ಹೋಗ್ಯಾರ, ಮನ್ಯಾಗ ಒಬ್ಬನ ಅದಾನ. ಇದರಾಗ ದೆವ್ವ ಇಲ್ಲ. ರಾತ್ರ್ಯಾಗ ಮನಿ ಹೊಕ್ಕೂ ಮನಶ್ಯಾ ಅದಾನ.

ಆ ಕಂತ ಆಡೂ ಮುಂದ ನಮ್ಮ ಹುಡುಗ ನಕ್ಕೋತ ಇದ್ದ. ನನಗ ಬೆವರ ಬಂದಿತ್ತು. ಯಾಕಂದ್ರ ಅಂವ ಆ ಹುಡುಗ ಆಗಿ ಆಡಾಕತ್ತಿದ್ದ, ನಾನು ಪರ ಊರಿಗೆ ಹೋದ ಆ ಅವ್ವ ಆಗಿ ನೋಡಾಕತ್ತಿದ್ದೆ. ಬಾಗಲ ಹಾಕ್ಯಾನೋ ಇಲ್ಲೋ, ಹಿತ್ತಲ ಬಾಗಲ? ಕಿಡಕಿ? ಗ್ಯಾಸ್? ಬಾಗಲಾ ಬಡದ್ರ ಯಾರು ಅಂತ ಕೇಳಬೇಕು, ತಗೀಬಾರದು. ಇದು ಹೆಂಗಸೂರು ದಿನಾ ರಾತ್ರಿ ಮಲಗೂಕಿಂತ ಮದಲ ಮನಸಿನ್ಯಾಗ ಆಡೂ ಆಟನ ಅಲ್ಲೇನ್ರಿ?

ಎಲ್ಲಾವೂ ಇಷ್ಟ ಚಲೋ ಇರೂದಿಲ್ಲ. ಬಾಳ ಆಟ ಸುಮ್ನ ಕುಂದ್ರಿಸಿ, ಒಮ್ಮೆಲೇ ಕಿರಚಿ ಮೈಮ್ಯಾಲ ಬರ್ತಾವ. ಅದಕ್ಕ ಹೆದರಿಕಿ ಅನ್ನಬಾರದು, ಹಿಂದಿನಿಂದ ಬಂದು "ಭೋ" ಅಂದ್ರ ಹೊಲದಾಗಿನ ಎತ್ತೂ ಬೆದರ್ತೈತಿ. ಪಪೆಟ್ ಕಾಂಬೊ ಅನ್ನಾಂವ ಮಾಡಿದ್ದು ಹಳೇ ಇಂಗ್ಲಿಷ ಸಿನಿಮಾದಂಗ ಚಾಕು ಹಿಡದ ಕೊಲಿಗಾರಂದು. ನೋಡಿದವ್ರು ಹೊಗಳ್ತಾರ. ನನಗ ಸೇರೂದಿಲ್ಲ, ಪೇಪರದಾಗ ಬರೂದ ಸಾಕಾಗೇತಿ.

ಚಲೋ ಇದ್ದದ್ದು ಯಾಕ ಹೆದರಿಸ್ತೈತಿ ಅಂತ ವಿಚಾರ ಮಾಡಿದಾಗ ನನಗ ಕಸೂತಿ ನೆನಪಾತು. ಕಸೂತಿಯೊಳಗ ಎಳಿ ಎಣಿಸಿ ಹಾಕಿದ ಗಿಣಿ ಖರೆ ಗಿಣಿ ಹಂಗ ಎಲ್ಲಿರ್ತೈತಿ? ಮೆಟ್ಟಲ ಮೆಟ್ಟಲ ಇರ್ತೈತಿ. ಆದ್ರ ನೋಡಿದವ್ರು ಗಿಣಿ ಅಂತಾರ. ಅರ್ಧಾ ಸೂಜಿ ಮಾಡ್ತೈತಿ, ಅರ್ಧಾ ನೋಡಾವ್ರ ಕಣ್ಣು. ದೆವ್ವಿನದೂ ಅಷ್ಟ. ಕರೆಂಟ ಹೋದಾಗ ಚಿಮಣಿ ಬೆಳಕಿನ್ಯಾಗ ಆಯಿ ಕತಿ ಹೇಳುವಾಗ ದೆವ್ವಿನ ಮಾರಿ ಹೆಂಗಿತ್ತು ಅಂತ ಎಂದೂ ಹೇಳ್ಲಿಲ್ಲ. "ಹೊಳಿ ಕಡೆ ಮಾರಿ ಮಾಡಿ ನಿಂತಿತ್ತು" ಅಂತಿದ್ಲು, ಅಷ್ಟ. ನಮಗ ಒಬ್ಬೊಬ್ಬರಿಗೆ ಒಂದೊಂದ ಮಾರಿ ಕಾಣ್ತಿತ್ತು. 1990ರ ದಶಕದಾಗ "ನಾಳೆ ಬಾ" ಸುದ್ದಿ ಹಬ್ಬಿದ್ದು ನಿಮಗ ನೆನಪಿರಬೇಕು. ಬೆಂಗಳೂರ ಕಡೆ ಬಾಗಲ ಬಾಗಲಕ್ಕ ಬರದಿದ್ರು. ರಾತ್ರಿ ಬಂದು ನಿಮ್ಮ ಮನಿಯವರ ದನಿಯೊಳಗ ಕರೀತೈತಿ, ಬಾಗಲ ತಗದ್ರ ಮುಗೀತು, "ನಾಳೆ ಬಾ" ಅಂತ ಬರದಿದ್ರ ಓದಿ ತಿರಗಿ ಹೋಗ್ತೈತಿ. 2018ರಾಗ ಬಂದ ಸ್ತ್ರೀ ಅನ್ನೂ ಹಿಂದಿ ಸಿನಿಮಾಕ್ಕ ಇದ ಮೂಲ. ಆ ದೆವ್ವಿನ ಮಾರಿ ಯಾರೂ ನೋಡಿರ್ಲಿಲ್ಲ. ಬರೇ ಒಂದ ಬಾಗಲಾ, ಒಂದ ಗುರ್ತಿನ ದನಿ. ಸಿನಿಮಾದಾಗ ಬಣ್ಣಾ ಬಳದು ತಂದು ನಿಂದ್ರಿಸಿದ ಮ್ಯಾಲ ನನಗ ನಗೀನ ಬಂತು.

ಇದನ್ನ ಹುಡುಗಗ ಹೇಳಿದೆ. "ಅದನ್ನ ನಾನೂ ಹೇಳೂದು ಯವ್ವಾ, ಮಾರಿ ಕಾಣಬಾರದು, ಆಡಾಂವ ತಾನ ತುಂಬಕೋಬೇಕು" ಅಂದ. ಆ ಮಾತ ಮುಂದ ಅವನಿಗೇ ತಿರಗಿ ಬಂತು.

ಈಗ ತವರಮನಿ ಸುದ್ದಿ. ನಮ್ಮ ಅನಗವಾಡಿ ಹಂತ್ಯಾಕ ಘಟಪ್ರಭಾ ಬ್ರಿಜ್ ಮ್ಯಾಲ ಹಾದ ಹೋದವ್ರು ಆ ನೀರ ನೋಡಿರ್ತೀರಿ. ಆಲಮಟ್ಟಿ ಡ್ಯಾಮಿನ ಹಿನ್ನೀರು. ಹಳೇ ಬಾಗಲಕೋಟಿ ಒಂದ ಭಾಗ ಮುಳುಗಿ ನವನಗರ ಎದ್ದದ್ದು ಎಲ್ಲಾರಿಗೂ ಗೊತ್ತು, ಅದರ ಜೋಡಿ ಹೋದ ಹೊಳಿದಂಡಿ ಹಳ್ಳಿ ಹೆಸರು ಹೊರಗಿನವರಿಗೆ ಗೊತ್ತಿರೂದಿಲ್ಲ. 519.60 ಮೀಟರ ಅನ್ನೂ ಲೆಕ್ಕ ನಮ್ಮ ಕಡೆ ಹೆಬ್ಬಟ್ಟಿನ ಮುದುಕೂರಿಗೂ ಬಾಯಿಪಾಠ, ಈಗ 524.256ರ ಮಾತು ನಡದೈತಿ. ಮದಲನೇ ಗೆರಿ ಕೆಳಗ ಹೋದ ಮನ್ಯಾಗ ನಮ್ಮದೂ ಒಂದು. ಮಣ್ಣಿನ ಮಾಳಗಿ, ನಡುವ ಬೆಳಕಿಂಡಿ, ಒಳಗ ಹೊಕ್ಕ ಕೂಡ್ಲೆ ದನಾ ಕಟ್ಟೂ ಜಾಗಾ, ಮ್ಯಾಲ ಪಡಸಾಲಿ. ತೊಲಿ, ಜಂತಿ, ತಲಬಾಗಲಾ ನಮ್ಮಣ್ಣ ಬಿಚ್ಚಿಕೊಂಡು ಪುನರ್ವಸತಿ ಜಾಗಾಕ್ಕ ಒಯ್ದ. ಉಳದ ಗ್ವಾಡಿ ನೀರಿಗೆ ಕರಗಿದ್ವು. ಫೋಟೋ ಇಲ್ಲ. ನನ್ನ ಲಗ್ನದ ಫೋಟೋದಾಗ ಹಿಂದ ಒಂದ ಕಂಬಾ, ಅರ್ಧ ಗೂಡು ಕಾಣ್ತೈತಿ, ಅಷ್ಟ.

ಹುಡುಗ ಅದನ್ನ ಮಾಡಾಕ ಹಿಡದ. ಇಂಜಿನಿಯರಿಂಗ ಮುಗದೈತಿ, ಇವರು ಆರ ತಿಂಗಳ ಟೈಮ ಕೊಟ್ಟಾರ, ಆಮ್ಯಾಲ ನೌಕರಿ ನೋಡೂದು ಅಂತ ಮಾತಾಗೇತಿ. "ಪಡಸಾಲಿ ಎಷ್ಟ ಉದ್ದ ಇತ್ತಬೇ?" ಅಂತ ಕೇಳಿದ್ರ ನಾನು ಮೀಟರ ಎಲ್ಲಿಂದ ತರ್ಲಿ? "ಐದ ಮಂದಿ ಸಾಲಾಗಿ ಕುಂತು ಜ್ವಾಳಾ ಹಸನ ಮಾಡಿದ್ರ ತುಂಬತಿತ್ತು" ಅಂದೆ. ಐದ ಕಡ್ಡಿಪೆಟಗಿ ಮಂದೀನ್ನ ಕುಂದ್ರಿಸಿ ಅಳತಿ ಹಿಡದ. ಗೂಡು ಎಷ್ಟ ಎತ್ತರ? ನಾನು ಎಂಟ ವರ್ಷದಾಕಿ ಇದ್ದಾಗ ತುದಿಗಾಲ ಮ್ಯಾಲ ನಿಂತ್ರ ಕಡ್ಡಿಪೆಟಗಿ ಸಿಗ್ತಿತ್ತು. ಹಿಂಗ ಎಲ್ಲಾ ಅಳತಿ. ಬಾಗಲದ ಸಪ್ಪಳ ಮಾತ್ರ ಖರೇದು. ಅಣ್ಣನ ಮನಿಗೆ ಹೋಗಿ, ಆ ಹಳೇ ತಲಬಾಗಲಾ ನೂರ ಸಲ ತಗದು ಹಾಕಿ ಫೋನಿನ್ಯಾಗ ತುಂಬಕೊಂಡ ಬಂದಾನ. ಅಗಳಿ ಸರದ ಸಪ್ಪಳಾ ಕೇಳಿದ್ರ ನನಗ ಈಗೂ ಅಪ್ಪ ಹೊಲದಿಂದ ಬಂದಂಗ ಆಗ್ತೈತಿ.

ಅದನ್ನ ನನಗ ಮದಲ ತೋರಿಸಿದ್ದು ರಾತ್ರಿ. ಕಂದೀಲ ಹಿಡಕೊಂಡ ಬಾಗಲದಾಗ ನಿಂತಿದ್ದೆ. ಗ್ವಾಡಿ ನಡಗತಿದ್ವು, ಕಂಬದ ಮೂಲಿ ಜಿಗೀತಿದ್ವು. ಹಗಲದಾಗ ನೋಡಿದ್ರ ಅದು ನಮ್ಮ ಮನಿ ಹಂಗ ಇರ್ಲಿಲ್ಲ. ಕತ್ಲಾಗ ನೂರಕ್ಕ ನೂರು ನಮ್ಮ ಮನಿನ.

ಅಣ್ಣ ಒಂದ ಅಮಾಸಿಗೆ ಬಂದಾಗ ಅವಗೂ ತೋರಿಸಿದ. ಮದಲ ಬಾಳ ಖುಷಿಪಟ್ಟ. "ಗ್ವಾದ್ಲಿ ಎಡಕ ಅಲ್ಲಲೇ, ಬಲಕ ಇತ್ತು" ಅಂತ ತಿದ್ದಿದ. ಬೆಳಕಿಂಡಿ ಕೆಳಗ ಬಂದು ಮ್ಯಾಲ ನೋಡೂದಕ್ಕ ಅಲ್ಲೊಂದು ಹೆಂಗಸು ಬಗ್ಗಿ ನೋಡಾಕತ್ತಿತ್ತು. ಮಾರಿ ಇಲ್ಲ, ಬೂದಿ ಬಣ್ಣದ ಚೌಕ, ತಲಿ ಮ್ಯಾಲ ಸೆರಗು. ಅಣ್ಣ ಸುಮ್ಮಾದ. ಆಮ್ಯಾಲ ಕೇಳಿದ, "ಇದು ಯಾರು?"

"ದೆವ್ವ, ಮಾಮಾ."

"ನಮ್ಮವ್ವ ಜೀವಾ ಬಿಟ್ಟದ್ದು ಅದ ಪಡಸಾಲ್ಯಾಗ. ಅಲ್ಲಿ ಸೆರಗ ಹೊತ್ತ ಹೆಂಗಸನ್ನ ನಿಂದ್ರಿಸಿದ್ರ ನಾನು ಯಾರನ್ನ ನೋಡ್ಲಿ?"

ಹುಡುಗ "ಇದು ಬರೇ ಆಟ ಮಾಮಾ" ಅಂದ. ಅಣ್ಣ ಊಟಾ ಮಾಡದ ಹೋದ. ಹೋಳಗಿ ಮಾಡಿದ್ದೆ, ಕಟ್ಟಿ ಕೊಟ್ರೂ ಒಯ್ಯಲಿಲ್ಲ.

ನಮ್ಮನಿಯವ್ರು ಇಬ್ಬರಿಗೂ ಬೈದು ಪೇಪರ ಹಿಡಕೊಂಡ ಕುಂತ್ರು. ನಾನು ಎರಡ ದಿನ ಸುಮ್ನ ಇದ್ದು ಹುಡುಗಗ ಹೇಳಿದೆ, ಮಾರಿ ಖಾಲಿ ಬಿಟ್ರ ಆಡಾಂವ ತಾನ ತುಂಬಕೋತಾನ ಅಂತ ನೀನ ಹೇಳಿದ್ದಿ. ಎಲ್ಲೋ ಕುಂತ ಹುಡುಗ ತುಂಬಕೊಂಡ್ರ ಅದು ದೆವ್ವಿನ ಮಾರಿ. ನಿಮ್ಮ ಮಾಮಾ ತುಂಬಕೊಂಡ್ರ ಅದು ಅವ್ವನ ಮಾರಿ. ನಾನೂ ಅಕಿನ್ನ ಕಂಡೆ, ಹೇಳಿರ್ಲಿಲ್ಲ ಅಷ್ಟ. ಆ ಮನ್ಯಾಗ ನಮಗ ದೆವ್ವಿನ ಹೆದರಿಕಿ ಎಂದೂ ಇರ್ಲಿಲ್ಲ. ಅಲ್ಲಿದ್ದ ಹೆದರಿಕಿ ಬ್ಯಾರೇನ, ಅದನ್ನ ಮಾಡು.

"ಯಾವದು?" ಅಂದ.

ನೀರು. ಮದಲ ಒಬ್ಬ ಬಂದು ಗ್ವಾಡಿಗೆ ನಂಬರ ಬರದ. ಆಮ್ಯಾಲ ವರ್ಷಾ ಬರ್ತೈತಿ ಬರ್ತೈತಿ ಅನ್ನೂದ ಆತು, ಬರ್ಲಿಲ್ಲ. ಗ್ವಾಡಿ ಸಾರಿಸೂದ ಬಿಟ್ರು, ಮಾಳಗಿಗೆ ಮಣ್ಣ ಹಾಕೂದ ಬಿಟ್ರು, ಹೆಂಗೂ ಮುಳುಗೂದಲ್ಲ ಅಂತ. ಮಗ್ಗಲ ಮನಿ ಖಾಲಿ ಆತು, ಎದುರಿನ ಮನಿ ಖಾಲಿ ಆತು. ಕಡೀ ಮಳಿಗಾಲದಾಗ ಅಣ್ಣ ಒಬ್ಬನ ಅಲ್ಲಿ ಮಲಗತಿದ್ದ, ದನಾ ಇದ್ವಂತ. ರಾತ್ರಿ ಎದ್ದು ಕಂದೀಲ ಹಿಡದು ಹೊಳಿ ಮೆಟ್ಟಲಕ ಹೋಗಿ ಎಷ್ಟ ಮುಳಗ್ಯಾವ ಅಂತ ಎಣಿಸಿ ಬರತಿದ್ದ. ಹೊಳಿ ನೀರಿಗೆ ಸಪ್ಪಳಾ ಇರ್ತೈತಿ, ಹಿನ್ನೀರಿಗೆ ಸಪ್ಪಳಾ ಇರೂದಿಲ್ಲ. ಹಾವು ಚೇಳು ಮದಲ ಮಾಳಗಿ ಏರಿದ್ವು.

ಹುಡುಗ ಬಾಳ ಹೊತ್ತ ಮಾತಾಡ್ಲಿಲ್ಲ. ಮರುದಿನ ಆ ಹೆಂಗಸಿನ್ನ ತಗದ ಹಾಕಿದ. ಅಣ್ಣಗ ಫೋನ್ ಹಚ್ಚಿ "ಮಾಮಾ, ನೀರ ಮದಲ ಯಾವ ಕಡೆಯಿಂದ ಬಂತು?" ಅಂತ ಕೇಳಿದ. ಆ ಕಡೆಯಿಂದ ಒಂದ ತಾಸ ಮಾತು. ನನ್ನ ಮುಂದ ಇಪ್ಪತ್ತ ವರ್ಷದಾಗ ಹೇಳದ್ದನ್ನ ಅಂವ ಆವತ್ತ ಹುಡುಗನ ಮುಂದ ಹೇಳಿದ. ದನಾ ಹೊಡಕೊಂಡ ಹೋಗೂ ಮುಂದ ಒಂದ ಎಮ್ಮಿ ತಿರಗಿ ಮನಿಗೆ ಓಡಿ ಬಂದು ಗ್ವಾದ್ಲಿ ಮುಂದ ನಿಂತಿತ್ತಂತ, ಮೊಣಕಾಲಮಟ ನೀರಾಗ.

ಈಗ ಆಟದಾಗ ದೆವ್ವ ಇಲ್ಲ. ಮಂಚದ ಮ್ಯಾಲ ಮಲಗೂದು, ಎಚ್ಚರ ಆಗೂದು, ಅಗಳಿ ತಗದು ಮೆಟ್ಟಲಕ ಹೋಗೂದು, ಎಣಿಸೂದು, ತಿರಗಿ ಬರೂದು. ಪ್ರತಿ ಸಲ ಒಂದೊಂದ ಕಡಿಮಿ. ಇದನ್ನ ಯಾರ ಆಡ್ತಾರ ಅಂತ ನಮ್ಮನಿಯವ್ರು ಕೇಳ್ತಾರ. ಹುಡುಗನ ದೋಸ್ತ ಒಬ್ಬ ಆಡಿ ನಡುರಾತ್ರಿ ಮೆಸೇಜ ಮಾಡಿದ್ದ, ಮನಿಯ ನಳಾ ಬಂದ ಮಾಡಿ ಬಂದೆ ಅಂತ.

ಮೆಟ್ಟಲ ಎಷ್ಟ ಇದ್ವು ಅನ್ನೂದರ ಮ್ಯಾಲ ಮಾತ್ರ ಜಗಳಾ ಹರೀವಲ್ದು. ನಾನು ಹದಿನೇಳ ಅಂತೀನಿ, ಕೊಡಾ ಹೊತ್ತ ಕಾಲಿಗೆ ಗೊತ್ತಿರ್ತೈತಿ. ಅಣ್ಣ ಹತ್ತೊಂಬತ್ತ ಅಂತಾನ. ಬ್ಯಾಸಗ್ಯಾಗ ನೀರ ಇಳದಾಗ ನೋಡಾಕ ಹೋದ್ರ ಎಲ್ಲಾ ಕೆಸರಾಗ ಹುಗದಾವ. ಹುಡುಗ ಕಡೀ ಮೆಟ್ಟಲ ಮ್ಯಾಲ ಮಂಜ ಸುರವಿಬಿಟ್ಟಾನ, ಕೆಳಗ ಎಷ್ಟದಾವ ಅಂತ ಕಾಣೂದಿಲ್ಲ. ಅಣ್ಣ ಇದಕ್ಕೂ ಒಪ್ಪಿಲ್ಲ. ಮುಂದಿನ ಅಮಾಸಿಗೆ ಬರ್ತೀನಿ, ಕುಂತು ಎಣಸೂಣು ಅಂದಾನ.